ನೆರೆ ಬಂದಾಗ ನೆರೆಹೊರೆ



ನೆರೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾವ ಊರು ಬರುತ್ತದೆ? ಕೃಷ್ಣೆಯ ದಂಡೆಯ ಹಳ್ಳಿಗಳು ಬರಬಹುದು, ಕೊಡಗಿನ ಗುಡ್ಡಗಳು ಬರಬಹುದು, ಕರಾವಳಿಯ ಹೊಳೆಸಾಲು ಬರಬಹುದು. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ಬರುವುದೇ? ರಾಮನಗರ, ಮಾಗಡಿ, ಕನಕಪುರ ಬರುವುವೇ? ಬಹಳ ಮಂದಿ ಇಲ್ಲವೆಂದೇ ಹೇಳುತ್ತಾರೆ. ಈ ಸೀಮೆ ರಾಗಿಯದು, ರೇಷ್ಮೆಯದು, ಮಾವಿನದು, ತೆಂಗಿನದು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬಯಲುನಾಡು. ಇಲ್ಲಿನ ಜನ ತಲೆಮಾರುಗಳಿಂದ ಮಳೆ ಬರಲಿ ಎಂದು ಬೇಡಿದವರೇ ಹೊರತು ಮಳೆ ನಿಲ್ಲಲಿ ಎಂದು ಬೇಡಿದವರಲ್ಲ.

ಹಾಗಿದ್ದರೂ 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಪಂಚಾಂಗದ ಲೆಕ್ಕದಲ್ಲಿ ಮಘೆ ಮಳೆಯ ದಿನಗಳಲ್ಲಿ, ಈ ಸೀಮೆಯೇ ನೀರಿನಲ್ಲಿ ನಿಂತಿತು. ರಾಮನಗರದಲ್ಲಿ ಭಕ್ಷಿ ಕೆರೆಯ ನೀರು ಊರಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ರೇಷ್ಮೆ ನೂಲು ಬಿಚ್ಚುವವರ ಮನೆಗಳಲ್ಲಿ ಗೂಡು, ನೂಲು, ಯಂತ್ರ ಎಲ್ಲವೂ ಕೆಸರಾಯಿತು. ಚನ್ನಪಟ್ಟಣದಲ್ಲೂ ತಗ್ಗಿನಲ್ಲಿದ್ದ ಮನೆಗಳ ಒಳಗೆ ನೀರು ನಿಂತಿತು. ಆಗ ಇನ್ನೂ ಕಾಮಗಾರಿ ನಡೆಯುತ್ತಿದ್ದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರದ ಬಳಿ ಹೊಳೆಯಂತಾಯಿತು. ಬಸ್ಸುಗಳು, ಕಾರುಗಳು ಕೆಳಸೇತುವೆಯ ನೀರಿನಲ್ಲಿ ಸಿಕ್ಕಿಕೊಂಡವು. ಮೈಸೂರಿಗೆ ಹೋಗುವವರು ಕನಕಪುರದ ದಾರಿಯನ್ನೋ ಕುಣಿಗಲ್ ದಾರಿಯನ್ನೋ ಹಿಡಿಯಿರೆಂದು ಪೊಲೀಸರು ಸೂಚಿಸಬೇಕಾಯಿತು. ಆಗಸ್ಟ್ 29ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ರಾಮನಗರಕ್ಕೆ ಬಂದು ಹಾನಿಯನ್ನು ನೋಡಿದರು.

ಬರಗಾಲದ ಸೀಮೆಗೆ ನೆರೆ ಬಂದದ್ದು ಹೇಗೆ? ಮುಂದೆ ಬಂದರೆ ನಾವು ಏನು ಮಾಡಬೇಕು? ನೀರು ಇಳಿದ ಮೇಲೆ ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು ಹೇಗೆ? ಇಂದು ನಿಮ್ಮೊಡನೆ ಈ ಮೂರು ಪ್ರಶ್ನೆಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ. ನಿಮ್ಮೊಡನೆಯೇ ಏಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಒಂದು ಚಿಕ್ಕ ಲೆಕ್ಕ ಮಾಡೋಣ. ಪುಸ್ತಕ, ಪೆನ್ಸಿಲ್ ಕೈಗೆ ತೆಗೆದುಕೊಳ್ಳಿ. 100 ಮಿಲಿಮೀಟರ್ ಮಳೆ ಎಂದರೆ ನೆಲದ ಮೇಲೆ 10 ಸೆಂಟಿಮೀಟರ್ ನೀರು, ಹೆಚ್ಚು ಕಡಿಮೆ ಒಂದು ಗೇಣಿನ ಅರ್ಧ. ಇಷ್ಟೇನಾ ಎನಿಸುತ್ತದೆ. ಆದರೆ ಒಂದು ಎಕರೆಯ ಮೇಲೆ ಇಷ್ಟು ಮಳೆ ಬಿದ್ದರೆ ಆಗುವ ನೀರು ಸುಮಾರು 4 ಲಕ್ಷ ಲೀಟರ್. ಒಂದು ಚದರ ಕಿಲೋಮೀಟರಿಗೆ 10 ಕೋಟಿ ಲೀಟರ್. ನಿಮ್ಮೂರ ಕೆರೆಗೆ ನೀರು ಹರಿದು ಬರುವ ಪ್ರದೇಶ 10 ಚದರ ಕಿಲೋಮೀಟರ್ ಇದ್ದರೆ ಅದು 100 ಕೋಟಿ ಲೀಟರ್. ಬಿದ್ದ ಮಳೆಯೆಲ್ಲ ಹರಿಯುವುದಿಲ್ಲ, ಸ್ವಲ್ಪ ನೆಲಕ್ಕೆ ಇಂಗುತ್ತದೆ. ಅರ್ಧ ಇಂಗಿತೆಂದೇ ಇಟ್ಟುಕೊಳ್ಳಿ. ಉಳಿದ 50 ಕೋಟಿ ಲೀಟರನ್ನು 10 ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 50 ಸಾವಿರ ಟ್ಯಾಂಕರ್ ಬೇಕು. ಅಷ್ಟೂ ನೀರು ಒಂದೇ ರಾತ್ರಿಯಲ್ಲಿ ನಿಮ್ಮೂರ ಕೆರೆಯ ಕಡೆಗೆ ಹೊರಡುತ್ತದೆ. ವಾರಗಟ್ಟಲೆ ಮಳೆಯಾಗಿ ನೆಲ ಆಗಲೇ ನೆನೆದಿದ್ದರೆ ಇಂಗುವ ಪಾಲು ಅರ್ಧಕ್ಕಿಂತಲೂ ಬಹಳ ಕಡಿಮೆ. ಒದ್ದೆ ಬಟ್ಟೆ ಇನ್ನು ನೀರು ಹೀರದು ಎಂಬುದು ಮನೆಯಲ್ಲಿ ನೆಲ ಒರೆಸಿದವರಿಗೆಲ್ಲ ತಿಳಿದ ವಿಷಯ.

ಹವಾಮಾನ ಇಲಾಖೆಯವರು ಒಂದು ದಿನದಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ ಭಾರಿ ಮಳೆ ಎನ್ನುತ್ತಾರೆ. 204.4ರವರೆಗೆ ಅತಿ ಭಾರಿ. ಅದನ್ನೂ ಮೀರಿದರೆ ಅತ್ಯಂತ ಭಾರಿ. ಸುದ್ದಿಯಲ್ಲಿ ಈ ಮಾತುಗಳನ್ನು ಕೇಳಿದಾಗ ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಆಗ ಅದು ಕೇವಲ ಸುದ್ದಿಯಾಗಿ ಉಳಿಯುವುದಿಲ್ಲ.

ಈಗ ಹೊಂಗನೂರಿನಂಥ ಒಂದು ಊರಿನ ಕೆರೆ ಏರಿಯ ಮೇಲೆ ನಿಂತುಕೊಳ್ಳಿ. ಒಂದು ಬದಿಗೆ ನೀರು. ಇನ್ನೊಂದು ಬದಿಗೆ, ನೀರಿಗಿಂತ ತಗ್ಗಿನಲ್ಲಿ, ಅಚ್ಚುಕಟ್ಟಿನ ಗದ್ದೆ, ತೆಂಗಿನ ತೋಟ, ಮನೆಗಳು. ನಮ್ಮ ಹಿರಿಯರು ಈ ಸೀಮೆಯಲ್ಲಿ ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಅದರ ಕೋಡಿಯ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಗೆ ಬರುತ್ತದೆ. ಅದು ತುಂಬಿದರೆ ಮತ್ತೊಂದಕ್ಕೆ. ಕೊನೆಗೆ ಎಲ್ಲವೂ ಹೊಳೆ ಸೇರುತ್ತವೆ. ಮಾಗಡಿ ಕಡೆಯಿಂದ ಬರುವ ಕಣ್ವ ಹೊಳೆಗೆ ಚನ್ನಪಟ್ಟಣದ ಬಳಿ 1946ರಲ್ಲಿ ಕಣ್ವ ಜಲಾಶಯ ಕಟ್ಟಿದರು. ನಂದಿಯ ಬೆಟ್ಟಗಳಲ್ಲಿ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಬ್ಯಾರೇಜ್ ಇದೆ. ಅಲ್ಲಿಂದ ನೀರನ್ನು ಮೇಲಕ್ಕೆತ್ತಿ ಚನ್ನಪಟ್ಟಣ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಕೆಲಸ ನಡೆದಿದೆ. ಬತ್ತಿದ ಕೆರೆಗಳಿಗೆ ನೀರು ಬಂದಾಗ ಜನ ಬಾಗಿನ ಕೊಟ್ಟು ಸಂಭ್ರಮಿಸಿದರು. ಸಂಭ್ರಮಿಸುವುದು ನ್ಯಾಯವೇ. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು, ತೋಟ ಉಳಿಯಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಖಾಲಿ ಕೆರೆ ಜೋರು ಮಳೆಯ ನೀರನ್ನು ನುಂಗಿ ಕೆಳಗಿನ ಊರನ್ನು ಕಾಯುತ್ತದೆ. ತುಂಬಿದ ಕೆರೆಗೆ ಆ ಶಕ್ತಿ ಇಲ್ಲ. ಬಂದಷ್ಟನ್ನೂ ಆಗಿಂದಾಗಲೇ ಕೋಡಿಯಲ್ಲಿ ಹೊರಕ್ಕೆ ಬಿಡಬೇಕು. ಹಾಗಾಗಿ ಕೆರೆ ತುಂಬಿದ ವರ್ಷ ಕೋಡಿಯ ಬಗ್ಗೆ ಇಮ್ಮಡಿ ಎಚ್ಚರ ಬೇಕು. ನಾವು ಮಾಡುವುದು ಇದಕ್ಕೆ ವಿರುದ್ಧ. ಇಪ್ಪತ್ತು ವರ್ಷ ಕೋಡಿ ಹರಿಯದಿದ್ದರೆ ಕೋಡಿ ಹಳ್ಳವೆಂಬುದೇ ಜನರಿಗೆ ಮರೆತುಹೋಗುತ್ತದೆ. ಹಳ್ಳದಲ್ಲಿ ಗಿಡ ಬೆಳೆಯುತ್ತದೆ, ಕಸ ಬೀಳುತ್ತದೆ, ಪಕ್ಕದ ಹೊಲ ಒಂದೊಂದು ಮೊಳ ಮುಂದಕ್ಕೆ ಬರುತ್ತದೆ. ಆಮೇಲೆ ಸೈಟು, ಆಮೇಲೆ ಮನೆ. ಹಳ್ಳ ದಾಟಲು ಹಾಕಿದ ರಸ್ತೆಯ ಕೆಳಗೆ ಒಂದೇ ಒಂದು ಚಿಕ್ಕ ಕೊಳವೆ. ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಬಂದಾಗ ಅದೇ ದಾರಿಯಲ್ಲಿ ಬರುತ್ತದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಕೆಲವು ಕಡೆ ನೀರು ಇನ್ನಷ್ಟು ನಿಲ್ಲಲಿ ಎಂದು ಕೋಡಿಯ ಮೇಲೆ ಕಲ್ಲು, ಮಣ್ಣಿನ ಮೂಟೆ ಪೇರಿಸುತ್ತಾರೆ. ಮೀನು ಹೊರಗೆ ಹೋಗಬಾರದೆಂದು ಕೋಡಿಗೆ ಬಲೆ, ತಡಿಕೆ ಕಟ್ಟುತ್ತಾರೆ. ಬಲೆಗೆ ಕಸಕಡ್ಡಿ ಸಿಕ್ಕಿ ಅದೇ ಗೋಡೆಯಾಗುತ್ತದೆ. ಇದನ್ನು ಮಾಡುವವರು ಕೆಟ್ಟವರೇನಲ್ಲ. ಬೇಸಿಗೆಯಲ್ಲಿ ತೋಟ ಒಣಗುವುದನ್ನು ಕಂಡವರು, ಮೀನಿನ ಗುತ್ತಿಗೆಗೆ ಸಾಲ ಮಾಡಿದವರು. ಆದರೆ ಏರಿ ಮಣ್ಣಿನದು. ಕೋಡಿಯಲ್ಲಿ ಹೋಗಬೇಕಾದ ನೀರು ಏರಿಯ ಮೇಲೆ ಹರಿಯಲು ತೊಡಗಿದರೆ ಮಣ್ಣು ಕೊಚ್ಚಿ ಏರಿ ಒಡೆಯುತ್ತದೆ. ಆಗ ಹೋಗುವುದು ಕೆರೆಯೊಂದೇ ಅಲ್ಲ. ಅದರ ನೀರೆಲ್ಲ ಒಮ್ಮೆಲೇ ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯಬಹುದು. ಮೇಲಿನ ಊರಿನವರು ಉಳಿಸಿಕೊಳ್ಳಲು ಹೊರಟ ಒಂದಡಿ ನೀರು ಕೆಳಗಿನ ಊರಿನವರ ಪ್ರಾಣಕ್ಕೆ ಬರಬಹುದು.

ಹಿಂದೆ ಊರೂರಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕೋಡಿ ನೋಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಲಾಂದ್ರ ಹಿಡಿದು ತಿರುಗುವುದು ಅವನ ಕೆಲಸ. ಅವನು ನೋಡುತ್ತಿದ್ದ ಗುರುತುಗಳನ್ನು ನೀವೂ ತಿಳಿದಿರಿ. ಏರಿಯಲ್ಲಿ ಇಲಿ, ಏಡಿಗಳ ಬಿಲವಿದೆಯೇ? ಉದ್ದಕ್ಕೆ ಬಿರುಕು ಬಿಟ್ಟಿದೆಯೇ? ಎಲ್ಲಾದರೂ ಏರಿ ಕುಸಿದು ತಗ್ಗಾಗಿದೆಯೇ? ಹೊರಬದಿಯ ಬುಡದಲ್ಲಿ ನೀರು ಜಿನುಗುತ್ತಿದೆಯೇ? ಜಿನುಗುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟು ನೋಡುತ್ತಿರಬೇಕು. ಅದು ಕೆಂಪಾಗಿ, ಕೆಸರಾಗಿ ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚಿ ಹೊರಗೆ ಬರುತ್ತಿದೆ ಎಂದರ್ಥ. ಅದು ಅಪಾಯದ ಗಂಟೆ. ಆ ತೂತಿಗೆ ಹೊರಗಿನಿಂದ ಬಟ್ಟೆ ತುರುಕಿದರೆ ನೀರು ಪಕ್ಕದಲ್ಲಿ ಬೇರೆ ದಾರಿ ಮಾಡಿಕೊಳ್ಳುತ್ತದೆ. ಬಲ್ಲವರು ಅದರ ಸುತ್ತ ಮರಳಿನ ಮೂಟೆಗಳನ್ನು ಬಾವಿಕಟ್ಟೆಯಂತೆ ಜೋಡಿಸಿ, ಒಳಗೆ ನೀರು ನಿಲ್ಲುವಂತೆ ಮಾಡಿ, ಅದರ ಒತ್ತಡ ತಗ್ಗಿಸುತ್ತಾರೆ. ಅದು ಬಲ್ಲವರ ಕೆಲಸ. ನಿಮ್ಮ ಕೆಲಸ ಕಂಡ ಕೂಡಲೇ ಹೇಳುವುದು. ಪಂಚಾಯಿತಿಗೆ ಹೇಳಿ, ತಹಶೀಲ್ದಾರರ ಕಚೇರಿಗೆ ಹೇಳಿಸಿ, ಎಲ್ಲಕ್ಕಿಂತ ಮೊದಲು ಏರಿಯ ಕೆಳಗಿನ ಮನೆಯವರಿಗೆ ಹೇಳಿ.

ನೀರಿಗೆ ಜಾಗ ಬಿಡಬೇಕೆಂಬುದು ಹೊಸ ಮಾತಲ್ಲ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಂದು ಒಂದು ಹುಣಸೆ ಮರವೇರಿದ ಸುಮಾರು ನೂರೈವತ್ತು ಮಂದಿ ಬದುಕಿದರೆಂದು ಆ ಊರಿನವರು ಇಂದಿಗೂ ಆ ಮರವನ್ನು ತೋರಿಸುತ್ತಾರೆ. ಮುಂದೆ ಹೀಗಾಗದಂತೆ ಏನು ಮಾಡಬೇಕೆಂದು ಕೇಳಲು ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಊರಿನಲ್ಲಿ ಗೋಡೆ ಎತ್ತರಿಸಿರಿ ಎಂದಷ್ಟೇ ಹೇಳಿ ಬರಲಿಲ್ಲ. ಊರಿಗಿಂತ ಮೇಲ್ಗಡೆ, ನೆರೆಯ ನೀರನ್ನು ತಡೆದು ನಿಧಾನವಾಗಿ ಬಿಡುವ ಜಲಾಶಯಗಳನ್ನು ಕಟ್ಟಿರಿ ಎಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದವು. ಅದೇ ಹೈದರಾಬಾದಿನಲ್ಲಿ 2020ರ ಅಕ್ಟೋಬರಿನಲ್ಲಿ ಕೆರೆ ಅಂಗಳಗಳಲ್ಲಿ ಎದ್ದಿದ್ದ ಬಡಾವಣೆಗಳು ಮುಳುಗಿದವು. ಎಂಜಿನಿಯರು ಎಷ್ಟು ದೊಡ್ಡವರಾದರೂ ಅವರು ನೀರಿಗೆ ಬಿಟ್ಟ ಜಾಗವನ್ನು ನಾವು ಕಾಯದಿದ್ದರೆ ಫಲವಿಲ್ಲ.

ನಮ್ಮ ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವನ್ನು ನೀವು ಪ್ರವಾಸದಲ್ಲಿ ನೋಡಿರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ಯಾರೂ ಬಾಗಿಲೆತ್ತದೆ ತಾನೇ ಹೊರಕ್ಕೆ ಹರಿಯುವ ಸೈಫನ್ ವ್ಯವಸ್ಥೆ ಅಲ್ಲಿದೆ. ನಡುರಾತ್ರಿ ಕಾವಲುಗಾರ ಮಲಗಿದ್ದರೂ ನೀರು ಹೋಗುತ್ತದೆ. ಪ್ರತಿ ಊರ ಕೆರೆಗೂ ಇಂಥ ಯಂತ್ರ ಬೇಕಿಲ್ಲ. ಹಿರಿಯರು ಕಟ್ಟಿದ ಕೋಡಿಯೇ ಸಾಕು. ಅದನ್ನು ಎತ್ತರಿಸದಿದ್ದರೆ, ಮುಚ್ಚದಿದ್ದರೆ ಅದೂ ರಾತ್ರಿಯೆಲ್ಲ ತಾನೇ ಕೆಲಸ ಮಾಡುತ್ತದೆ.

ಇನ್ನು ನೀರು ಬಂದೇ ಬಂತು ಎನ್ನಿ. ಆಗ ಏನು ಮಾಡಬೇಕು?

ಮೊದಲ ಮಾತು, ಹರಿಯುವ ನೀರಿನ ಬಲವನ್ನು ಕಡಿಮೆ ಎಣಿಸಬೇಡಿ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್ನು. ನೀರಿನ ವೇಗ ಎರಡರಷ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಜೋರಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು. ಎರಡು ಅಡಿ ನೀರು ಕಾರನ್ನು ತೇಲಿಸಿಬಿಡುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಕೆಸರು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಯಾರಿಗೂ ಕಾಣುವುದಿಲ್ಲ. ಕೆಳಸೇತುವೆಯಲ್ಲಿ ನಿಂತ ನೀರಿಗೆ ವಾಹನ ಇಳಿಸಬೇಡಿರೆಂದು ಅಪ್ಪನಿಗೂ ಅಣ್ಣನಿಗೂ ಹೇಳಿ. ಅವರು ಬೈದರೂ ಹೇಳಿ.

ಎರಡನೆಯದು, ಮನೆಗೆ ನೀರು ನುಗ್ಗುವ ಮೊದಲೇ ಕರೆಂಟಿನ ಮೇನ್ ಸ್ವಿಚ್ ತೆಗೆಯಬೇಕು. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬಾರದು. ಗ್ಯಾಸ್ ಸಿಲಿಂಡರಿನ ಬಾಯಿ ಮುಚ್ಚಬೇಕು.

ಮೂರನೆಯದು, ದನಕರುಗಳ ಹಗ್ಗ ಬಿಚ್ಚಬೇಕು. ಹಸು, ಎಮ್ಮೆ, ಕುರಿಗಳಿಗೆ ಈಜು ಬರುತ್ತದೆ, ಎತ್ತರದ ಜಾಗ ಹುಡುಕಿಕೊಳ್ಳುವ ಬುದ್ಧಿಯೂ ಇದೆ. ನೆರೆಯಲ್ಲಿ ಸಾಯುವ ಜಾನುವಾರುಗಳಲ್ಲಿ ಎಷ್ಟೋ ಕಟ್ಟಿದ ಗೂಟದಲ್ಲೇ ಸಾಯುತ್ತವೆ. ಊರಿಗೆ ನೀರು ಬರುವುದೆಂದು ತಿಳಿದರೆ ಹಗ್ಗ ಬಿಚ್ಚುವ ಕೆಲಸವನ್ನು ಮನೆಯ ಒಬ್ಬರಿಗೆ ಮೊದಲೇ ಒಪ್ಪಿಸಿರಿ.

ನಾಲ್ಕನೆಯದು, ಕಾಗದಪತ್ರಗಳು. ಪಡಿತರ ಚೀಟಿ, ಆಧಾರ್, ಪಹಣಿ, ಬ್ಯಾಂಕಿನ ಪುಸ್ತಕ, ನಿಮ್ಮ ಅಂಕಪಟ್ಟಿ, ಅಜ್ಜಿ ತಾತಂದಿರ ಔಷಧದ ಚೀಟಿ, ಇವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಮಳೆಗಾಲದ ಮೊದಲೇ ಅಟ್ಟದ ಮೇಲಿಡಿ. ಅದೊಂದು ಗಂಟು ಕೈಯಲ್ಲಿದ್ದರೆ ನೀರಿಳಿದ ಮೇಲಿನ ಅರ್ಧ ಅಲೆದಾಟ ತಪ್ಪುತ್ತದೆ.

ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077. ಈ ಮೂರು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಮೊಬೈಲಿನಲ್ಲಿ ಮಾತ್ರ ಇದ್ದರೆ ಚಾರ್ಜು ಮುಗಿದ ರಾತ್ರಿ ಅದು ಯಾರ ನೆರವಿಗೂ ಬಾರದು.

ಇನ್ನು ಮೂರನೆಯ ಪ್ರಶ್ನೆ, ನೀರು ಇಳಿದ ಮೇಲಿನ ಬದುಕು. ನೋಡಲು ಬಂದವರು ಹೋಗುತ್ತಾರೆ, ಪತ್ರಿಕೆಯ ಮುಖಪುಟಕ್ಕೆ ಬೇರೆ ಸುದ್ದಿ ಬರುತ್ತದೆ. ಮನೆಯೊಳಗೆ ಮೊಣಕಾಲುದ್ದ ಕೆಸರು ಉಳಿಯುತ್ತದೆ. ನಿಜವಾದ ಕಷ್ಟ ಅಲ್ಲಿಂದ ಮೊದಲಾಗುತ್ತದೆ.

ಮನೆ ತೊಳೆಯುವ ಮೊದಲು ಹಾನಿಯ ಫೋಟೋ ತೆಗೆಯಿರಿ. ಪರಿಹಾರಕ್ಕೆ ಬರುವ ಗ್ರಾಮ ಆಡಳಿತಾಧಿಕಾರಿಗೆ ಅದು ಸಾಕ್ಷಿ. ಮಣ್ಣಿನ ಗೋಡೆಗಳು ನೆನೆದು ಒಣಗುವಾಗ ಬೀಳುವುದುಂಟು. ಗೋಡೆ ಉಬ್ಬಿದ್ದರೆ, ಬಿರುಕಿದ್ದರೆ ಒಳಗೆ ಮಲಗಬೇಡಿ. ಮೂಲೆ, ಕಪಾಟು, ಕಟ್ಟಿಗೆಯ ರಾಶಿಯಲ್ಲಿ ಹಾವು ಸೇರಿಕೊಂಡಿರುತ್ತದೆ. ಕೋಲಿನಿಂದ ತಟ್ಟಿ ನೋಡಿ ಕೈ ಹಾಕಿ. ಹಾವು ಕಚ್ಚಿದರೆ ಗಾಯ ಕುಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರಕ್ಕೆ ಕಾಲ ಕಳೆಯಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ತಂತಿಗಳೆಲ್ಲ ಒಣಗಿ, ಬಲ್ಲವರು ನೋಡುವವರೆಗೆ ಕರೆಂಟು ಹಾಕಬಾರದು.

ಕುಡಿಯುವ ನೀರಿನ ವಿಷಯದಲ್ಲಿ ಉದಾಸೀನ ಬೇಡ. ನೆರೆಯ ನೀರಿನಲ್ಲಿ ಚರಂಡಿಯೂ ಕೊಟ್ಟಿಗೆಯೂ ಬೆರೆತಿರುತ್ತವೆ. ವಾಂತಿಭೇದಿ, ಟೈಫಾಯಿಡ್, ಕಾಮಾಲೆ ನೀರಿನ ಮೂಲಕ ಬರುತ್ತವೆ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ಗಾಯದ ಕಾಲಿನಿಂದ ನಡೆದರೆ ಇಲಿಜ್ವರ ಬರಬಹುದು. ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿ ಡೆಂಗಿ ಬರಬಹುದು. ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಬಾವಿಯಿದ್ದರೆ ಮೊದಲು ಕೆಸರು ನೀರನ್ನು ಹೊರಹಾಕಿಸಿ, ಆಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು.

ಎಷ್ಟು ಹಾಕಬೇಕು? ಇದೂ ನಿಮ್ಮ ಗಣಿತವೇ. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಎಲ್ಲವೂ ಮೀಟರಿನಲ್ಲಿರಲಿ. 3 ಮೀಟರ್ ವ್ಯಾಸ, 4 ಮೀಟರ್ ನೀರು ಇದ್ದರೆ 28.26 ಘನ ಮೀಟರ್, ಅಂದರೆ 28,260 ಲೀಟರ್. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಈ ಬಾವಿಗೆ ಸುಮಾರು 70 ಗ್ರಾಂ ಸಾಕು. ಇದು ಸಾಮಾನ್ಯ ದಿನಗಳ ಅಳತೆ. ನೆರೆಯ ನೀರು ಹೊಕ್ಕ ಬಾವಿಗೆ ಹೆಚ್ಚು ಬೇಕಾಗುವುದರಿಂದ ಆರೋಗ್ಯ ಕಾರ್ಯಕರ್ತರು ಪರೀಕ್ಷಿಸಿ ಹೇಳಿದಷ್ಟು ಹಾಕಿ. ಪುಡಿಯನ್ನು ನೇರವಾಗಿ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಬಿಟ್ಟು, ಬಿಂದಿಗೆಯನ್ನು ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ರೇಷ್ಮೆ ಸಾಕುವ ಮನೆಯವರಿಗೆ ಈ ಪುಡಿ ಹೊಸದಲ್ಲ. ಹುಳುಮನೆ ತೊಳೆಯಲು ವರ್ಷವಿಡೀ ಅದನ್ನು ಬಳಸುತ್ತಾರೆ. ಹುಳುವಿಗೆ ತೋರುವ ಶಿಸ್ತನ್ನು ಮಕ್ಕಳ ಕುಡಿಯುವ ನೀರಿಗೂ ತೋರಿದರೆ ಊರಿನ ಕಾಯಿಲೆ ಅರ್ಧ ಹೋಗುತ್ತದೆ.

ಭೇದಿಯಾದ ಮಗುವಿಗೆ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. ಕುಡಿಸುತ್ತಲೇ ಆಸ್ಪತ್ರೆಯ ದಾರಿ ಹಿಡಿಯಿರಿ.

ಹೊಲದಲ್ಲಿ ನಿಂತ ನೀರನ್ನು ಬಸಿಗಾಲುವೆ ತೆಗೆದು ಬೇಗ ಹೊರಹಾಕಬೇಕು. ರಾಗಿಗಾಗಲಿ ಹಿಪ್ಪುನೇರಳೆಗಾಗಲಿ ಬೇರಿಗೆ ಉಸಿರು ಬೇಕು. ಒದ್ದೆ ಸೊಪ್ಪು, ಕೆಸರು ಮೆತ್ತಿದ ಸೊಪ್ಪು ಹಾಕಿದರೆ ಹುಳುವಿಗೆ ಹಾಲುರೋಗ, ಸಪ್ಪೆರೋಗ ತಗಲುವ ಭಯವಿದೆ. ಸೊಪ್ಪನ್ನು ಒಣಗಿಸಿಯೇ ಕೊಡಬೇಕು. ಹುಳುಮನೆಯ ತೇವ ಹೀರಲು ಸುಣ್ಣದ ಪುಡಿ ಉದುರಿಸಬೇಕು. ದನಗಳಿಗೆ ಗಂಟಲುಬೇನೆ, ಚಪ್ಪೆರೋಗದ ಲಸಿಕೆ ಹಾಕಿಸಬೇಕು. ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಯಲ್ಲಿ ನೆನೆದ ಮರವನ್ನು ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ, ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಅದಕ್ಕೆ ದಿನ ಬೇಕು. ಆ ದಿನಗಳಲ್ಲಿ ಮನೆಗೆ ಸಂಪಾದನೆಯಿಲ್ಲ. ಕೆಸರಾದ ನೂಲಿನ ಮುಂದೆ ಕೂತ ರೀಲರಿಗೂ ಅಷ್ಟೇ, ಗೂಡು ಕೊಳ್ಳಲು ಮಾಡಿದ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಿ. ನೆರೆ ಎಲ್ಲರಿಗೂ ಬರುತ್ತದೆ ಎನ್ನುತ್ತೇವೆ. ಆದರೆ ಮೊದಲು ಮುಳುಗುವ ಮನೆ ಯಾವುದು? ಹಳ್ಳದ ಪಕ್ಕದ್ದು, ಕೆರೆ ಅಂಗಳದ್ದು, ಕಾಲುವೆಯ ಬದಿಯದು. ಅಲ್ಲಿ ಯಾರು ಇರುತ್ತಾರೆ? ಎತ್ತರದ ಸೈಟಿಗೆ ದುಡ್ಡು ಸಾಲದವರು. ಒತ್ತುವರಿ ತೆರವು ಎಂದಾಗ ಮೊದಲು ಬೀಳುವುದೂ ಅವರ ಗುಡಿಸಲೇ. ಅದೇ ರಾಜಕಾಲುವೆಯ ಮೇಲೆ ಎದ್ದ ದೊಡ್ಡ ಕಟ್ಟಡ ಕಾಗದಪತ್ರಗಳ ಬಲದಿಂದ ನಿಂತೇ ಇರುತ್ತದೆ. ನೀರಿಗೆ ಜಾಗ ಬಿಡಬೇಕು, ನಿಜ. ಅಲ್ಲಿಂದ ಎಬ್ಬಿಸಿದವರಿಗೆ ಬೇರೆ ಜಾಗ ಕೊಡುವುದೂ ಅಷ್ಟೇ ನಿಜವಾದ ಕರ್ತವ್ಯ.

ಉತ್ತರ ಕರ್ನಾಟಕದವರು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಾಗಲಕೋಟೆ, ವಿಜಯಪುರ, ರಾಯಚೂರು, ಗದಗ ಮೊದಲಾದ ಒಣನಾಡಿನ ಜಿಲ್ಲೆಗಳಲ್ಲಿ ಬಂದ ನೆರೆಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಸರ್ಕಾರ ‘ಆಸರೆ’ ಎಂಬ ಯೋಜನೆಯಲ್ಲಿ ದಾನಿಗಳ ನೆರವು ಪಡೆದು ಎತ್ತರದ ಜಾಗದಲ್ಲಿ ಹೊಸ ಊರುಗಳನ್ನು ಕಟ್ಟಿತು. ಎಷ್ಟೋ ಕುಟುಂಬಗಳು ಹೋದವು. ಎಷ್ಟೋ ಮಂದಿ ಹೋಗಲಿಲ್ಲ, ಹೋದವರೂ ಕೆಲವರು ಮರಳಿದರು. ಹೊಲ ದೂರವಾಯಿತು, ದನ ಕಟ್ಟಲು ಕೊಟ್ಟಿಗೆಯಿಲ್ಲ, ಊರ ದೇವರು ಹಳೆಯ ಊರಿನಲ್ಲೇ ಉಳಿಯಿತು ಎಂಬುದು ಅವರ ಕಾರಣಗಳು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ಬಂದಾಗ, ಹಳೆಯ ಊರುಗಳಲ್ಲೇ ಉಳಿದಿದ್ದವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಮನೆ ಕಟ್ಟುವುದು ಮತ್ತು ಊರು ಕಟ್ಟುವುದು ಒಂದೇ ಅಲ್ಲ ಎಂಬುದನ್ನು ಆ ಜನರಿಂದ ನಾವು ಕಲಿಯಬೇಕು.

ಇನ್ನು ನಿಮ್ಮ ಪಾಲಿನ ಕೆಲಸ. ನಿಮ್ಮೊಡನೆಯೇ ಏಕೆ ಮಾತನಾಡುತ್ತೇನೆಂದು ಕೊನೆಯಲ್ಲಿ ಹೇಳುವೆನೆಂದಿದ್ದೆ. ದೊಡ್ಡವರಿಗೆ ಈ ವಿಷಯದಲ್ಲಿ ಬಿಡಿಸಲಾಗದ ಗಂಟುಗಳಿವೆ. ಒಬ್ಬರ ಹೊಲ ಹಳ್ಳಕ್ಕೆ ಬಂದಿದೆ, ಇನ್ನೊಬ್ಬರು ಅವರ ನೆಂಟರು. ಹೇಳಿದರೆ ಮನಸ್ತಾಪ. ನಿಮಗೆ ಆ ಗಂಟಿಲ್ಲ. ನೀವು ಶಾಲೆಯ ಯೋಜನೆ ಎಂದು ಹೋಗಿ ಕೇಳಿದರೆ ಊರಿನ ಅಜ್ಜಂದಿರು ಎಲ್ಲವನ್ನೂ ಹೇಳುತ್ತಾರೆ.

ಆದ್ದರಿಂದ ಈ ವರ್ಷ ನಿಮ್ಮ ತರಗತಿಯವರು ಕೂಡಿ ಊರಿನ ನೀರಿನ ನಕ್ಷೆ ಬರೆಯಿರಿ. ಕೆರೆ ಎಲ್ಲಿ, ಕೋಡಿ ಎಲ್ಲಿ, ಕೋಡಿ ಹಳ್ಳ ಎಲ್ಲಿ ಹರಿದು ಯಾವ ಕೆರೆ ಸೇರುತ್ತದೆ, ನಡುವೆ ಎಲ್ಲೆಲ್ಲಿ ಮುಚ್ಚಿದೆ, ಇವನ್ನು ಗುರುತಿಸಿ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಗೆರೆ ಎಳೆಯಿರಿ. ಆ ಗೆರೆಯೊಳಗೆ ಎಷ್ಟು ಮನೆ, ಯಾವ ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ, ಎಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಕಣ್ಣು ಕಾಣದು, ಬರೆದುಕೊಳ್ಳಿ. ಅವರನ್ನು ಎತ್ತಿಕೊಂಡು ಹೋಗುವವರು ಯಾರೆಂದು ಈಗಲೇ ಗೊತ್ತುಮಾಡಿ. ಎತ್ತರದಲ್ಲಿರುವ ಶಾಲೆಯೋ ದೇವಸ್ಥಾನವೋ ಸಮುದಾಯ ಭವನವೋ ಯಾವುದು ಆಶ್ರಯವಾದೀತು, ಅಲ್ಲಿ ನೀರು, ಶೌಚಾಲಯ ಇದೆಯೇ ನೋಡಿ. ನಕ್ಷೆಯನ್ನು ಗ್ರಾಮಸಭೆಯಲ್ಲಿ ಇಟ್ಟು ಮಾತನಾಡಿ. ಕೋಡಿಯ ಮೇಲಿನ ಮೂಟೆ ತೆಗೆಸುವುದು ನಿಮ್ಮ ಮೊದಲ ಕೆಲಸವಾಗಲಿ.

ಬೆಂಗಳೂರಿನಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಶುರುವಾದದ್ದು ಬರದ ಮೇಲೆ ಕಣ್ಣಿಡಲು. ಇಂದು ಅದೇ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಇಟ್ಟಿರುವ ಮಳೆಮಾಪಕಗಳ ಮೂಲಕ ಮಳೆಯನ್ನೂ ನೆರೆಯನ್ನೂ ನೋಡುತ್ತದೆ. ಬರವೂ ನೆರೆಯೂ ಒಂದೇ ನೀರಿನ ಎರಡು ಲೆಕ್ಕವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಕೇಂದ್ರದಿಂದ ಬಂದ ಎಚ್ಚರಿಕೆಯನ್ನು ಹಳ್ಳದ ಪಕ್ಕದ ಅಜ್ಜಿಯ ಬಾಗಿಲಿಗೆ ಮುಟ್ಟಿಸಲು ಒಬ್ಬ ಮನುಷ್ಯನೇ ಬೇಕು.

ನಮ್ಮ ಭಾಷೆಯಲ್ಲಿ ಉಕ್ಕಿ ಬರುವ ನೀರಿಗೂ ನೆರೆ ಎನ್ನುತ್ತೇವೆ, ಪಕ್ಕದ ಮನೆಗೂ ನೆರೆ ಎನ್ನುತ್ತೇವೆ. ಸರ್ಕಾರದ ದೋಣಿ, ಪಡೆ ಬರಲು ಹೊತ್ತು ಹಿಡಿಯುತ್ತದೆ. ಅವರು ಬರುವ ಮುಂಚೆ ಬರುವವರು ಪಕ್ಕದ ಮನೆಯವರು. ಮುಂದಿನ ಮಳೆಗಾಲದ ರಾತ್ರಿ ಜೋರು ಮಳೆ ಸುರಿಯುವಾಗ ನೀವು ಕಂಬಳಿ ಹೊದ್ದು ಮಲಗಿರುತ್ತೀರಿ. ಆಗ ಕೋಡಿ ತೆರೆದಿದೆಯೇ, ತಗ್ಗಿನ ಮನೆಯವರಿಗೆ ಯಾರು ಹೇಳುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ನಿಮ್ಮ ಬಳಿ ಉತ್ತರವಿರಲಿ. ಇಲ್ಲದಿದ್ದರೆ ನಾಳೆಯೇ ಶಾಲೆಯಲ್ಲಿ ಈ ಮಾತು ತೆಗೆಯಿರಿ.